ಎರಡೂ ಕಡೆ ಸಮ ಇಲ್ಲ

ಫೋನು ಬಂದಾಗ ನಾನು ಕುಕ್ಕರಿನ ಎರಡನೇ ಸೀಟಿಗೆ ಕಾಯುತ್ತಿದ್ದೆ. ಇಂಗ್ಲಿಷರ ನಾಡಿನ ಕೊವೆಂಟ್ರಿ ಊರಿನ ನಮ್ಮ ಮನೆಯ ಅಡುಗೆಮನೆಯೇ ನನ್ನ ಆಫೀಸು. ಆಸ್ಪತ್ರೆಗೋ ಕೌನ್ಸಿಲ್ಲಿಗೋ ಶಾಲೆಗೋ ಕನ್ನಡ ಬೇಕಾದಾಗ ಏಜೆನ್ಸಿಯವರು ನನಗೆ ಲೈನ್ ಕೊಡುತ್ತಾರೆ. ಆ ಕಡೆ ಇಂಗ್ಲಿಷ್, ಈ ಕಡೆ ಕನ್ನಡ, ನಡುವೆ ಇಂಟರ್‌ಪ್ರಿಟರ್ ಎನ್ನಿಸಿಕೊಂಡ ನಾನು. ಒಲೆ ಆರಿಸಿ, ಬಾಗಿಲು ಹಾಕಿಕೊಂಡು, ನನ್ನ ಐಡಿ ನಂಬರು ಹೇಳಿದೆ.

ಮಾತಾಡಿದವರು ಸ್ತನ ತಪಾಸಣೆ ವಿಭಾಗದ ನರ್ಸ್. ಇನ್ನೊಂದು ತುದಿಯಲ್ಲಿದ್ದವರು ಐವತ್ತೆಂಟು ವರ್ಷದ ಹೆಂಗಸು. 'ನಮಸ್ಕಾರ್ರಿ' ಎಂದ ಧಾಟಿಗೇ ಬಾಗಲಕೋಟೆ ಕಡೆಯವರೆಂದು ಗೊತ್ತಾಯಿತು. ಹಿನ್ನೆಲೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು. ಎಕ್ಸ್‌ರೇ ತೆಗೆಸಿಕೊಂಡು ಹೋಗಿದ್ದರು, ಮತ್ತೆ ಬನ್ನಿ ಎಂದು ಕರೆದರೆ ಬಂದಿರಲಿಲ್ಲ. ಯಾಕೆ ಎಂದು ಕೇಳಲು ನರ್ಸ್ ಫೋನು ಮಾಡಿದ್ದರು. ಅವರು ಹೇಳಿದ್ದು ಇಷ್ಟು: ಚಿತ್ರಗಳಲ್ಲಿ ಎಡಗಡೆ ಒಂದು ಏಸಿಮೆಟ್ರಿ ಕಂಡಿದೆ, ಇನ್ನೂ ಕೆಲವು ಚಿತ್ರ ಬೇಕು, ಅಗತ್ಯ ಬಿದ್ದರೆ ಸೂಜಿ ಹಾಕಿ ಪರೀಕ್ಷೆ ಮಾಡಬೇಕಾಗಬಹುದು.

ಏಸಿಮೆಟ್ರಿ. ಇಲ್ಲಿ ನನ್ನ ನಾಲಿಗೆ ನಿಂತಿತು.

ನನಗೆ ಗೊತ್ತಿಲ್ಲದ ಪದವೇನಲ್ಲ ಅದು. ತೊಂದರೆ ಆದದ್ದೇ ಅದರಿಂದ. ಪೂರ್ತಿ ಗೊತ್ತಿಲ್ಲದ ಪದವಾಗಿದ್ದರೆ 'ದಯವಿಟ್ಟು ವಿವರಿಸಿ' ಎಂದು ಕೇಳುತ್ತಿದ್ದೆ. ನಮ್ಮ ಕೆಲಸದ ಮೊದಲ ನಿಯಮವೇ ಅದು. ಹೊಸಬರಿಗೆ ತರಬೇತಿ ಕೊಡುವಾಗ ನಾನೇ ಮೇಜು ಕುಟ್ಟಿ ಹೇಳಿದ್ದೇನೆ: ಗೊತ್ತಿಲ್ಲದಿದ್ದರೆ ಕೇಳಿ, ಊಹಿಸಬೇಡಿ. ಆದರೆ ಸಿಮೆಟ್ರಿ ಅಂದರೆ ಎರಡು ಕಡೆ ಒಂದೇ ಥರ, ಏಸಿಮೆಟ್ರಿ ಅಂದರೆ ಒಂದೇ ಥರ ಇಲ್ಲ, ಮೈಸೂರಿನ ಶಾಲೆಯಲ್ಲೇ ಕಲಿತದ್ದು, ಇದನ್ನು ಏನು ಕೇಳುವುದು? ಹನ್ನೊಂದು ವರ್ಷ ಈ ಕೆಲಸ ಮಾಡಿದ ಜಂಬವೂ ಇತ್ತು. 'ಎಡಗಡೆ ಸ್ವಲ್ಪ ವ್ಯತ್ಯಾಸ ಇದೆ, ಎರಡೂ ಕಡೆ ಸಮ ಇಲ್ಲ' ಎಂದುಬಿಟ್ಟೆ.

ಆ ಕಡೆ ಯಂತ್ರ ನಿಂತಿತು. ಆಮೇಲೆ ದೊಡ್ಡ ನಗು.

"ಅಯ್ಯ ನಮ್ಮವ್ವ! ಯಾರಿಗಿ ಸಮ ಇರ್ತಾವ್ರಿ ಅಕ್ಕಾರ? ಮೂವತ್ತು ವರ್ಷ ಆತು ನಾ ಕುಬಸ ಹೊಲಿಯಾಕ ಹತ್ತಿ. ಎಡಕ್ಕೊಂದು ಅಳತಿ, ಬಲಕ್ಕೊಂದು ಅಳತಿ. ಒಬ್ಬಾಕಿಗೂ ಸಮ ಇದ್ದದ್ದು ನಾ ನೋಡಿಲ್ಲ. ಇದಕ್ಕ್ಯಾಕ ದವಾಖಾನಿಗಿ ಕರೀತಾರ? ಕೈಯಾಗ ಮದುವಿ ಕೆಲಸ ಐತಿ, ಬರಂಗಿಲ್ಲ ಅಂತ ಹೇಳ್ರಿ. ಕೈಗಿ ಗಂಟೂ ಹತ್ತಂಗಿಲ್ಲ, ನೋವೂ ಇಲ್ಲ. ಥ್ಯಾಂಕ್ಸ್ ಅನ್ರಿ ಪಾಪ, ಫೋನ್ ಮಾಡ್ಯಾರ."

ಅದನ್ನು ಹಾಗೆ ಹಾಗೆಯೇ ಇಂಗ್ಲಿಷಿಗೆ ಹೇಳಿದೆ. ನರ್ಸ್ ಎರಡು ಸಲ ಕೇಳಿದರು, ಎರಡು ಸಲವೂ ಉತ್ತರ ಅದೇ. 'ಸರಿ, ರೋಗಿ ಒಪ್ಪಲಿಲ್ಲ ಎಂದು ಬರೆದುಕೊಳ್ಳುತ್ತೇನೆ' ಎಂದರು. ಲೈನು ಕಟ್ಟಾಯಿತು. ಒಟ್ಟು ಆರೇಳು ನಿಮಿಷದ ಕೆಲಸ. ನಾನು ಮತ್ತೆ ಒಲೆ ಹಚ್ಚಿದೆ.

ಊಟದ ಹೊತ್ತಿಗೆ ಕಸಿವಿಸಿ ಶುರುವಾಯಿತು. ಅಳತೆ ಹೆಚ್ಚುಕಡಿಮೆ ಇದ್ದರೆ ಆಸ್ಪತ್ರೆಯವರು ಸೂಜಿ ಯಾಕೆ ಹಿಡಿಯುತ್ತಾರೆ? ಆ ತಾಯಿ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತಲ್ಲ! ನಿಘಂಟು ತೆಗೆದೆ. ಒಂದರಲ್ಲಿ 'ಅಸಮ್ಮಿತಿ', ಇನ್ನೊಂದರಲ್ಲಿ 'ಸಮಪಾರ್ಶ್ವತೆ ಇಲ್ಲದಿರುವಿಕೆ'. ಇವನ್ನು ಯಾವ ಮನೆಯಲ್ಲಿ ಯಾರು ಆಡುತ್ತಾರೆ, ದೇವರೇ ಬಲ್ಲ. ಸಂಜೆ ನಮ್ಮವರು ಕಾರಿನ ಕಾರ್ಖಾನೆಯಿಂದ ಬಂದ ಕೂಡಲೇ ಕೇಳಿದೆ. ಅವರು ಡಿಸೈನ್ ವಿಭಾಗದ ಎಂಜಿನಿಯರು, ಸಿಮೆಟ್ರಿ ಅವರ ದಿನಬಳಕೆಯ ಮಾತು.

"ಸಿಂಪಲ್ ಕಣೇ. ಮಧ್ಯೆ ಒಂದು ಪ್ಲೇನ್ ಇದೆ ಅಂದ್ಕೋ. ಈ ಕಡೆ ಡೋರು, ಆ ಕಡೆ ಡೋರು, ಕನ್ನಡಿ ಹಿಡಿದ ಹಾಗೆ. ಪೆಟ್ರೋಲ್ ಹಾಕೋ ಮುಚ್ಚಳ ಒಂದೇ ಕಡೆ ಇರುತ್ತಲ್ಲ, ಅದು ಏಸಿಮೆಟ್ರಿ."

"ಅದನ್ನ ಎದೆ ಎಕ್ಸ್‌ರೇಗೆ ಹೇಗೆ ಹೇಳ್ಲಿ?"

"ಅದು ನಿನ್ನ ಡಿಪಾರ್ಟ್‌ಮೆಂಟು" ಎಂದು ಟೀ ಕುಡಿಯಲು ಹೋದರು. ಉರಿದುಹೋಯಿತು ನನಗೆ.

ಆಮೇಲೆ ರೋಗಿಗಳಿಗಾಗಿ ಬರೆದ ಒಂದು ಮಾಹಿತಿ ಪತ್ರ ಸಿಕ್ಕಿತು. ಎರಡು ಸಲ ಓದಿದೆ. ವಿಷಯ ಗಾತ್ರದ್ದೇ ಅಲ್ಲ. ಎರಡೂ ಕಡೆಯ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಒಂದು ಕಡೆ ಒಂದು ಜಾಗದಲ್ಲಿ ಬಿಳಿಯ ಮಬ್ಬು ಇದ್ದು, ಇನ್ನೊಂದು ಕಡೆ ಅದೇ ಜಾಗದಲ್ಲಿ ಅದು ಇಲ್ಲದಿದ್ದರೆ ಅದನ್ನು ಏಸಿಮೆಟ್ರಿ ಅನ್ನುತ್ತಾರೆ. ಬಹಳ ಸಲ ಅದು ಏನೂ ಆಗಿರುವುದಿಲ್ಲ. ಕೆಲವು ಸಲ ಕ್ಯಾನ್ಸರಿನ ಮೊದಲ ಗುರುತು ಅಷ್ಟೇ ಆಗಿರುತ್ತದೆ, ಕೈಗೆ ಸಿಗುವ ಗಂಟಾಗುವ ಮುಂಚೆ. ನಾನು ಆ ಹೆಂಗಸಿಗೆ ಕುಪ್ಪಸದ ಅಳತೆ ಹೇಳಿದ್ದೆ. ಅವರು ಕುಪ್ಪಸ ಹೊಲಿಯುವವರು, ನಕ್ಕು ಬಿಟ್ಟರು. ಬೇರೆ ಯಾರಾದರೂ ಆಗಿದ್ದರೆ ಹೆದರಿಕೊಂಡಾದರೂ ಹೋಗುತ್ತಿದ್ದರೇನೋ.

ಬೆಳಿಗ್ಗೆ ಏಜೆನ್ಸಿಗೆ ಫೋನು ಮಾಡಿದೆ. ನಮ್ಮ ರೋಟಾ, ಅಂದರೆ ಯಾರಿಗೆ ಯಾವ ಕೆಲಸ ಎಂಬ ಪಟ್ಟಿ, ನೋಡಿಕೊಳ್ಳುವ ಕೋಆರ್ಡಿನೇಟರ್ ಒಳ್ಳೆಯ ಹುಡುಗಿಯೇ, ಆದರೆ ಅವಳ ಮುಂದಿನ ಪರದೆ ಏನು ಹೇಳುತ್ತದೋ ಅದನ್ನಷ್ಟೇ ಹೇಳುತ್ತಾಳೆ.

"ಆ ಜಾಬ್ ಕ್ಲೋಸ್ ಆಗಿದೆ" ಎಂದಳು.

"ನಾನು ತಪ್ಪು ಅರ್ಥ ಹೇಳಿದ್ದೇನೆ. ಆಸ್ಪತ್ರೆಗೆ ತಿಳಿಸಬೇಕು. ಆ ರೋಗಿ ನನ್ನ ಮಾತು ಕೇಳಿ ಪರೀಕ್ಷೆ ಬೇಡ ಅಂದಿದ್ದಾರೆ."

"ಫೀಡ್‌ಬ್ಯಾಕ್ ಫಾರ್ಮ್ ಇದೆ, ಲಿಂಕ್ ಕಳಿಸ್ತೀನಿ." ಸ್ವಲ್ಪ ತಡೆದು, ದನಿ ತಗ್ಗಿಸಿ ಹೇಳಿದಳು, "ಒಂದು ಮಾತು. ತಪ್ಪು ಮಾಡಿದೆ ಅಂತ ನೀವೇ ಬರೆದರೆ ರಿವ್ಯೂ ಆಗುತ್ತೆ. ಅದು ಮುಗಿಯೋವರೆಗೆ ನಿಮ್ಮನ್ನ ರೋಟಾದಿಂದ ತೆಗೀತಾರೆ. ಯೋಚನೆ ಮಾಡಿ."

ಆ ಫಾರ್ಮಿನಲ್ಲಿ ತಪ್ಪು ಎನ್ನುವ ಪದಕ್ಕೆ ಜಾಗವೇ ಇರಲಿಲ್ಲ. ಲೈನು ಸ್ಪಷ್ಟವಾಗಿತ್ತೇ, ಕರೆ ಸಮಯಕ್ಕೆ ಬಂತೇ, ಐದರಲ್ಲಿ ಎಷ್ಟು ನಕ್ಷತ್ರ! ಕೊನೆಯ ಸಣ್ಣ ಚೌಕದೊಳಗೆ 'ಒಂದು ವೈದ್ಯಕೀಯ ಪದದ ಬಗ್ಗೆ ಸ್ಪಷ್ಟೀಕರಣ ಬೇಕಿದೆ' ಎಂದು ಬರೆದೆ. ನೋಡಿ ನನ್ನ ಧೈರ್ಯ! ತಪ್ಪು ಎಂದು ಬರೆಯಲು ಕೈ ಬರಲಿಲ್ಲ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂದು ಯಂತ್ರದ ಉತ್ತರ ಬಂತು, ಅಷ್ಟೇ.

ಒಂದು ವಾರ ಹೋಯಿತು. ಆಸ್ಪತ್ರೆಯ ಸ್ವಿಚ್‌ಬೋರ್ಡಿಗೆ ಫೋನು ಮಾಡಿದೆ. ನೀವು ರೋಗಿಯೇ ಎಂದರು, ಅಲ್ಲ. ಮನೆಯವರೇ ಎಂದರು, ಅಲ್ಲ. ಇಂಟರ್‌ಪ್ರಿಟರ್ ಅಂದರೆ, 'ಹಾಗಾದರೆ ಏಜೆನ್ಸಿ ಮೂಲಕ ಬನ್ನಿ'. ಏಜೆನ್ಸಿಗೆ ಕೇಳಿದರೆ, 'ಆಸ್ಪತ್ರೆಯವರು ಕೇಳಿದರೆ ನಾವು ಉತ್ತರ ಕೊಡ್ತೀವಿ'. ಆ ಹೆಂಗಸಿಗೆ ನೇರವಾಗಿ ಫೋನು ಮಾಡೋಣವೆಂದರೆ ನಂಬರು ನಮಗೆ ಕಾಣಿಸುವುದಿಲ್ಲ, ಕಂಡರೂ ಮಾಡುವ ಹಾಗಿಲ್ಲ. ಕೊವೆಂಟ್ರಿಯಲ್ಲಿ ಕುಪ್ಪಸ ಹೊಲಿಯುವ ಬಾಗಲಕೋಟೆಯ ಹೆಂಗಸರು ಎಷ್ಟು ಜನ ಇದ್ದಾರು? ಕನ್ನಡ ಸಂಘದ ನಾಲ್ಕು ಜನರನ್ನು ಕೇಳಿದರೆ ಮನೆ ಸಿಗುತ್ತಿತ್ತು. ಆದರೆ ಯಾಕೆ ಹುಡುಕುತ್ತಿದ್ದೀರಿ ಎಂದು ಕೇಳಿದ ಕೂಡಲೇ ಅವರ ಗುಟ್ಟು ಊರೆಲ್ಲ ಆಗುತ್ತಿತ್ತು. ಬಸ್ಸಿನಲ್ಲಿ ಸೀರೆ ಉಟ್ಟ ಹೆಂಗಸರನ್ನು ಕಂಡರೆ ಇವರೇ ಇರಬಹುದೇ ಎಂದು ನೋಡುವುದು, ಮುಖ ತಿರುಗಿಸಿಕೊಳ್ಳುವುದು. ತಲೆ ಕೆಟ್ಟು ಹೋಗಿತ್ತು.

ಎರಡನೇ ವಾರ ಅದೇ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಒಬ್ಬ ಅಜ್ಜನಿಗೆ ಕನ್ನಡ ಹೇಳುವ ಕೆಲಸ ಬಂತು. ಮುಗಿಸಿ ಬಸ್ ಸ್ಟಾಪಿನತ್ತ ಹೊರಟವಳು ಕಾರಿಡಾರಿನ ಬೋರ್ಡಿನ ಮುಂದೆ ನಿಂತೆ. ಸ್ತನ ತಪಾಸಣೆ, ಎರಡನೇ ಮಹಡಿ. ಹೋಗುವ ಹಾಗಿಲ್ಲ ಎಂದು ಗೊತ್ತು. ರೋಟಾ ನೆನಪಾಯಿತು, ರಿವ್ಯೂ ನೆನಪಾಯಿತು, ಮೇಜು ಕುಟ್ಟಿ ಪಾಠ ಹೇಳಿದ್ದೂ ನೆನಪಾಯಿತು. ಆಮೇಲೆ ಯಂತ್ರ ನಿಲ್ಲಿಸಿ ನಕ್ಕ ಆ ನಗು ನೆನಪಾಯಿತು. ಮೆಟ್ಟಿಲು ಹತ್ತಿದೆ.

ಕೌಂಟರಿನ ಹಿಂದೆ ಮೂವರು ಮಾತಾಡುತ್ತಿದ್ದರು. ಅವರಲ್ಲಿ ಒಬ್ಬರ ದನಿಯ ಗುರುತು ಸಿಕ್ಕಿತು. ಪಕ್ಕಕ್ಕೆ ಕರೆದು ಹೇಳಿದೆ: "ಎರಡು ವಾರದ ಹಿಂದೆ ನಿಮ್ಮ ಫೋನಿನಲ್ಲಿ ಕನ್ನಡ ಹೇಳಿದವಳು ನಾನು. ಏಸಿಮೆಟ್ರಿ ಅನ್ನೋದನ್ನ ನಾನು ಗಾತ್ರದ ವ್ಯತ್ಯಾಸ ಅಂತ ಹೇಳಿಬಿಟ್ಟೆ. ಆಕೆ ಬೇಡ ಅಂದದ್ದು ಪರೀಕ್ಷೆಯನ್ನಲ್ಲ. ಪರೀಕ್ಷೆ ಯಾಕೆ ಅಂತ ಅವರಿಗೆ ಗೊತ್ತೇ ಇಲ್ಲ."

ನರ್ಸ್ ನನ್ನ ಕತ್ತಿನಲ್ಲಿದ್ದ ಕಾರ್ಡು ನೋಡಿದರು, ನನ್ನ ಮುಖ ನೋಡಿದರು. "ಇದನ್ನ ಬರೆದುಕೊಡ್ತೀರಾ? ಬರವಣಿಗೆ ಇಲ್ಲದೆ ನಾನು ಆ ಫೈಲ್ ಮತ್ತೆ ತೆಗೆಯೋ ಹಾಗಿಲ್ಲ."

ಕಾಗದ ಕೊಟ್ಟರು. ನಿಂತುಕೊಂಡೇ ಮೂರು ಸಾಲು ಬರೆದೆ. ಈ ಸಲ ತಪ್ಪು ಎಂದೇ ಬರೆದೆ, ನನ್ನ ತಪ್ಪು ಎಂದು ಬರೆದೆ, ಹೆಸರು ಹಾಕಿ ಐಡಿ ನಂಬರು ಹಾಕಿದೆ.

ನಾಲ್ಕನೇ ದಿನ ಕೋಆರ್ಡಿನೇಟರ್ ಫೋನು ಮಾಡಿದಳು. ನನ್ನ ಮೇಲೆ ರಿವ್ಯೂ ಶುರುವಾಗಿದೆ, ಬೇರೆ ಯಾವ ಕೆಲಸವೂ ಇಲ್ಲ. ಆದರೆ ಆಸ್ಪತ್ರೆಯವರು ಒಂದು ಅಪಾಯಿಂಟ್‌ಮೆಂಟಿಗೆ ನನ್ನನ್ನೇ ಕೇಳಿದ್ದಾರೆ, ಆ ಒಂದಕ್ಕೆ ಹೋಗಬಹುದು. "ಹೇಳಿದ್ದೆನಲ್ಲ" ಎಂದಳು. ಹೇಳಿದ್ದಳು ಪಾಪ.

ನರ್ಸ್ ಆ ಹೆಂಗಸಿನ ಯಜಮಾನರ ಕಿರಾಣಿ ಅಂಗಡಿಗೇ ಫೋನು ಮಾಡಿ, ಕರೆದುಕೊಂಡು ಬರಲೇಬೇಕು ಎಂದು ಹೇಳಿದ್ದರಂತೆ. ಆ ದಿನ ಯಜಮಾನರು ಹೊರಗೆ ಕೂತರು. ಆಕೆ ಒಳಗೆ ಬಂದರು. ಕುಳ್ಳಗೆ, ಗಟ್ಟಿಮುಟ್ಟಾಗಿ, ಹಣೆಯಲ್ಲಿ ವಿಭೂತಿ, ಸೀರೆಯ ಮೇಲೆ ಚಳಿಗಾಲದ ಕೋಟು, ಕೋಟಿನ ಕಾಲರಿಗೆ ಸಿಕ್ಕಿಸಿದ ಎರಡು ಗುಂಡುಪಿನ್ನು. ನಾನು 'ಬನ್ನಿ ಅಮ್ಮಾ' ಎಂದದ್ದೇ ತಡ, ನಿಂತರು.

"ಫೋನಿನ್ಯಾಗ ಮಾತಾಡಿದ ಅಕ್ಕಾರು ನೀವ ಅಲ್ಲೇನು? ದನಿ ಗುರ್ತ ಹತ್ತಿತು. ಸಮ ಇಲ್ಲ ಅಂತ ಮತ್ತ ಹೇಳಾಕ ಇಷ್ಟ ದೂರ ಕರದ್ರಿ? ಮದುವಿ ನಾಳಿಗೈತಿ, ಇನ್ನ ಎರಡು ಕುಬಸ ಕೈಯಾಗ ಅದಾವ."

ಒಳಗೆ ಎಕ್ಸ್‌ರೇ ನೋಡುವ ಡಾಕ್ಟರಮ್ಮ ಮತ್ತು ಅದೇ ನರ್ಸ್ ಇದ್ದರು. ಮೊದಲು ಇಂಗ್ಲಿಷಿನಲ್ಲಿ ಡಾಕ್ಟರ ಅನುಮತಿ ಕೇಳಿದೆ. ಆಮೇಲೆ ಕನ್ನಡದಲ್ಲಿ, "ಅಮ್ಮಾ, ಆವತ್ತು ನಾನು ನಿಮಗೆ ತಪ್ಪು ಹೇಳಿದೆ. ಇವರು ಹೇಳಿದ್ದು ಅಳತೆ ವಿಷಯ ಅಲ್ಲ. ನನಗೆ ಆ ಪದ ಸರಿಯಾಗಿ ಗೊತ್ತಿರಲಿಲ್ಲ. ಕೇಳಬೇಕಿತ್ತು, ಕೇಳಲಿಲ್ಲ" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಮತ್ತ ಏನಂತ ಹೇಳಬೇಕಿತ್ತು?"

"ಅದನ್ನೇ ಈಗ ಡಾಕ್ಟರನ್ನ ಕೇಳ್ತೀನಿ."

ಡಾಕ್ಟರು ವಿವರಿಸಿದರು. ಸಾಂದ್ರತೆ, ಅಂಗಾಂಶ, ಎದುರು ಬದಿಯಲ್ಲಿ ಕಾಣದ ವಿನ್ಯಾಸ. ಒಂದು ಪದ ಹೋಗಿ ಮೂರು ಪದ ಬಂದವು. ಇನ್ನೊಂದು ಸಲ ಕೇಳಿದೆ. ಇನ್ನೂ ನಿಧಾನವಾಗಿ ಅದನ್ನೇ ಹೇಳಿದರು. ಡಾಕ್ಟರು ಗೋಡೆ ಗಡಿಯಾರ ನೋಡಿದರು. ಆಕೆ ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದರು. ಅಳು ಬರುವುದೊಂದು ಬಾಕಿ ನನಗೆ. ಆಮೇಲೆ ಹೊಳೆಯಿತು, ಹೇಳಿಸುವುದು ಯಾಕೆ? "ಆ ಚಿತ್ರಗಳನ್ನು ಇವರಿಗೇ ತೋರಿಸ್ತೀರಾ?" ಎಂದೆ.

ಡಾಕ್ಟರು ಪರದೆ ತಿರುಗಿಸಿದರು. ಕಪ್ಪು ಹಿನ್ನೆಲೆಯಲ್ಲಿ ಎರಡು ಬಿಳಿಯ ಅರ್ಧಚಂದ್ರಗಳು, ಬೆನ್ನಿಗೆ ಬೆನ್ನು ಹಚ್ಚಿ ಇಟ್ಟಿದ್ದರು. ಆಕೆ ಗುಂಡಿ ಹಾಕುವುದನ್ನು ಬಿಟ್ಟು ಚೀಲದಿಂದ ಕನ್ನಡಕ ತೆಗೆದರು. ಎದ್ದು ಹೋಗಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತರು.

"ಇವು ಕುಬಸದ ಮುಂದಿನ ಎರಡು ತುಂಡು" ಎಂದರು.

ನಾನು ಹಾಗೇ ಹೇಳಿದೆ. ಡಾಕ್ಟರಿಗೆ ಅರ್ಥವಾಗಲಿಲ್ಲ.

"ಖಣದ ಅರಿವಿ ಮಡಚಿ ಕತ್ತರಿ ಹಾಕ್ತೀನ್ರಿ, ಎರಡು ತುಂಡು ಒಮ್ಮಿಗೇ. ಮೊದಲ ಹೂವಿಗಿ ಹೂವು ಕೂಡಿಸಿಕೋತೀನಿ. ಬಿಡಿಸಿ ಹಿಂಗ ಬೆನ್ನಿಗಿ ಬೆನ್ನು ಇಟ್ರ, ಒಂದರಾಗ ಹೂವು ಎಲ್ಲಿ ಐತೋ ಇನ್ನೊಂದರಾಗೂ ಅಲ್ಲೇ ಇರಬೇಕು. ಇಲ್ಲಂದ್ರ ಹೊಲಿಯಂಗಿಲ್ಲ ನಾ." ಬೆರಳು ಪರದೆಯ ಮೇಲೆ ಹೋಯಿತು. "ಇಲ್ಲಿ ನೋಡ್ರಿ. ಈ ತುಂಡಿನ್ಯಾಗ ಇಲ್ಲಿ ದಟ್ಟ ಐತಿ. ಆ ತುಂಡಿನ್ಯಾಗ ಅದ ಜಾಗಾದಾಗ ಏನೂ ಇಲ್ಲ."

ಡಾಕ್ಟರು ಅಲ್ಲಿಯವರೆಗೆ ಆ ಜಾಗವನ್ನು ತೋರಿಸಿಯೇ ಇರಲಿಲ್ಲ. ನಾನು ಹೇಳಿ ಮುಗಿಸುವ ಮುಂಚೆಯೇ "ಹೌದು, ಅದೇ. ಅದೇ ಏಸಿಮೆಟ್ರಿ" ಎಂದರು.

ಆಕೆ ನನ್ನತ್ತ ತಿರುಗಿದರು. "ಇದಕ್ಕ ಸಮ ಇಲ್ಲ ಅಂತಾರೇನ್ರಿ ಅಕ್ಕಾರ? ಜೋಡಿ ಕೂಡಿಲ್ಲ ಅನ್ನಬೇಕು! ಮೊದಲ ಹಂಗ ಅಂದಿದ್ರ ನಾ ಅವತ್ತೇ ಬರತಿದ್ದಿಲ್ಲೇನು?"

ಮೂರು ವಾರ ನಿಘಂಟು ತಿರುವಿ ಹಾಕಿದವಳಿಗೆ ಎರಡು ಪದ ಹೀಗೆ ಸಿಕ್ಕವು. ನಾಚಿಕೆಯಾಯಿತು, ಸಿಟ್ಟೂ ಬಂತು, ಸಿಟ್ಟು ನನ್ನ ಮೇಲೆಯೇ.

ಅವರು ಇನ್ನೂ ಪರದೆ ನೋಡುತ್ತಿದ್ದರು. "ಅರಿವಿ ಮಡಿಕಿ ಬಿದ್ದಿದ್ರೂ ಹಿಂಗ ಕಾಣಸ್ತೈತಿ. ನೇಯೂವಾಗ ಎಳಿ ಕೆಟ್ಟಿದ್ರೂ ಹಿಂಗ ಕಾಣಸ್ತೈತಿ. ಯಾವುದಂತ ಕೇಳ್ರಿ."

ಡಾಕ್ಟರು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡರು. ಈಗ ಅವರ ಮಾತೂ ಸರಳವಾಗಿತ್ತು. ಬಹಳ ಸಲ ಅದು ಮಡಿಕೆಯೇ ಇರುತ್ತದೆ, ಒಂದರ ಮೇಲೊಂದು ಬಿದ್ದಿರುತ್ತದೆ. ಆ ಜಾಗವನ್ನಷ್ಟೇ ಗಟ್ಟಿಯಾಗಿ ಒತ್ತಿ ಮತ್ತೆ ಚಿತ್ರ ತೆಗೆದರೆ ಮಡಿಕೆಯಾದರೆ ಹರಡಿ ಹೋಗುತ್ತದೆ. ಹೋಗದಿದ್ದರೆ ಸೂಜಿಯಲ್ಲಿ ಚೂರು ತೆಗೆದು ನೋಡಬೇಕು.

"ಇಸ್ತ್ರಿ ಹಾಕಿ ನೋಡೂದು ಅನ್ರಿ" ಎಂದು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. "ನಡೀರಿ."

ಯಂತ್ರದ ಕೋಣೆಯಲ್ಲಿ ನಾನು ಬಟ್ಟೆಯ ಪರದೆಯ ಈಚೆ ನಿಂತು 'ಉಸಿರು ಹಿಡೀರಿ', 'ಬಿಡಿ' ಎಂದು ಹೇಳುತ್ತಿದ್ದೆ. ಒಳಗಿನಿಂದ "ಅಯ್ಯ ಶಿವನ, ಎಷ್ಟ ಒತ್ತತಾರ!" ಎಂದದ್ದನ್ನೂ ಇಂಗ್ಲಿಷಿಗೆ ಹೇಳಿದೆ. ನರ್ಸ್ ನಕ್ಕರು. ಹೊಸ ಚಿತ್ರ ಬಂತು. ಡಾಕ್ಟರು ಬಾಯಿ ತೆರೆಯುವ ಮುಂಚೆ ಆಕೆ ಕನ್ನಡಕ ಹಾಕಿಕೊಂಡು ಹತ್ತಿರ ಹೋದರು. ಬಹಳ ಹೊತ್ತು ನೋಡಿದರು.

"ಮಡಿಕಿ ಅಲ್ಲ" ಎಂದರು.

ನಾನು ಹೇಳಿದೆ. ಡಾಕ್ಟರು ಮೆಲ್ಲಗೆ, "ನೋ" ಎಂದರು. ಆ ಪದವನ್ನು ಕನ್ನಡಕ್ಕೆ ಹೇಳಬೇಕಾಗಿಯೇ ಬರಲಿಲ್ಲ. ಅವತ್ತೇ ಸ್ಕ್ಯಾನ್ ಆಯಿತು, ಸೂಜಿಯೂ ಆಯಿತು. ಹೊರಡುವಾಗ ಆಕೆ ನನ್ನ ಕೈಯಿಂದ ಕೋಟು ತೆಗೆದುಕೊಂಡರು. ಕಾಲರಿನ ಗುಂಡುಪಿನ್ನು ಸರಿಮಾಡಿಕೊಂಡು ಯಜಮಾನರ ಹಿಂದೆ ಹೋದರು.

ರಿವ್ಯೂ ಇನ್ನೂ ಮುಗಿದಿರಲಿಲ್ಲ, ಆದರೂ ಆಸ್ಪತ್ರೆಯವರು ಫಲಿತಾಂಶದ ದಿನವೂ ನನ್ನನ್ನೇ ಕೇಳಿ ಕರೆಸಿಕೊಂಡರು. ಈ ಸಲ ಯಜಮಾನರೂ ಒಳಗೆ ಬಂದರು. ಸರ್ಜನ್ ನೇರವಾಗಿ ಹೇಳಿದರು, ಕ್ಯಾನ್ಸರ್. ಚಿಕ್ಕದು, ಬೇಗ ಸಿಕ್ಕಿದೆ, ಆಪರೇಷನ್ ಮಾಡಿ ತೆಗೆಯಬಹುದು, ಆಮೇಲೆ ಕಿರಣ ಚಿಕಿತ್ಸೆ. ಒಂದೊಂದೂ ವಾಕ್ಯ ಮುಗಿದ ಮೇಲೆ ನಿಲ್ಲುತ್ತಿದ್ದರು. ಒಂದೊಂದನ್ನೂ ನಾನು ಹೇಳಿದೆ, ಎರಡು ಕಡೆ ಅನುಮಾನ ಬಂತು, ಎರಡು ಕಡೆಯೂ ನಿಲ್ಲಿಸಿ ಕೇಳಿ ಹೇಳಿದೆ. ಯಜಮಾನರು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದರು. ಆಕೆ ನೆಲ ನೋಡುತ್ತಿದ್ದವರು ತಲೆ ಎತ್ತಿ ನನ್ನನ್ನು ನೋಡಿದರು.

"ಒಂದು ಕೇಳ್ರಿ. ಈ ಅಕ್ಕಾರು ಫೋನಿನ್ಯಾಗ ನನಗ ತಪ್ಪ ಹೇಳಿದ್ರು. ಅದರಿಂದ ಮೂರು ವಾರ ಹೋತು. ಆ ಮೂರು ವಾರದಾಗ ಇದು ಏನರ ಕೆಟ್ಟೈತೇನು?"

ಕೇಳಿದ್ದನ್ನೆಲ್ಲ ಹೇಳಬೇಕು, ಏನನ್ನೂ ಬಿಡಬಾರದು, ಏನನ್ನೂ ಸೇರಿಸಬಾರದು. ನಮ್ಮ ನಿಯಮ. ನನ್ನ ತಪ್ಪನ್ನು ನನ್ನ ಬಾಯಿಂದಲೇ ಇಂಗ್ಲಿಷಿಗೆ ಹಾಕಿದೆ. ಸರ್ಜನ್ ನನ್ನನ್ನೊಮ್ಮೆ ನೋಡಿ ಅವರಿಗೆ ಉತ್ತರ ಕೊಟ್ಟರು. ಅದನ್ನು ನಾನು ಕನ್ನಡಕ್ಕೆ ಹೇಳಿದೆ: "ಇಲ್ಲ. ಮೂರು ವಾರ ತಡವಾದದ್ದರಿಂದ ಚಿಕಿತ್ಸೆ ಏನೂ ಬದಲಾಗಿಲ್ಲ. ನೀವು ಬಾರದೇ ಇದ್ದಿದ್ದರೆ ಬದಲಾಗುತ್ತಿತ್ತು."

ಆಕೆ ಕಣ್ಣು ಕಿರಿದು ಮಾಡಿದರು. "ಇದನ್ನ ಡಾಕ್ಟರು ಅಂದ್ರೋ, ನೀವ ಅಂದ್ರೋ?"

ಅದನ್ನೂ ಹೇಳಿದೆ. ಬೇರೆ ದಾರಿ ಏನಿತ್ತು? ಸರ್ಜನ್ ನನ್ನನ್ನು ಬಿಟ್ಟು, ಕುರ್ಚಿಯಲ್ಲಿ ಮುಂದೆ ಬಾಗಿ, ಅವರ ಕಣ್ಣನ್ನೇ ನೋಡುತ್ತ ಮೂರು ಬೆರಳು ತೋರಿಸಿದರು. "ತ್ರೀ ವೀಕ್ಸ್. ನೋ ಚೇಂಜ್." ಅಷ್ಟು ತಿಳಿಯಲು ಬಸ್ಸಿನಲ್ಲಿ ಅಂಗಡಿಯಲ್ಲಿ ಕಲಿತ ಇಂಗ್ಲಿಷು ಆಕೆಗೆ ಇತ್ತು. ಯಜಮಾನರೂ ತಲೆಯಾಡಿಸಿದರು. ಆಕೆ ಇಬ್ಬರ ಮುಖವನ್ನೂ ನೋಡಿ, "ಹೂಂ" ಎಂದು ಉಸಿರು ಬಿಟ್ಟರು. ಆಪರೇಷನ್ನಿನ ಒಪ್ಪಿಗೆ ಕಾಗದವನ್ನು ಸಾಲುಸಾಲಾಗಿ ಕನ್ನಡದಲ್ಲಿ ಓದಿಸಿಕೊಂಡು, ಕನ್ನಡದಲ್ಲೇ ರುಜು ಹಾಕಿದರು.

ಪೆನ್ನನ್ನು ವಾಪಸು ಕೊಡುತ್ತ, ಸರ್ಜನ್ ಪಕ್ಕದಲ್ಲಿ ನಿಂತಿದ್ದ ಅದೇ ನರ್ಸಿನ ಕಡೆ ತಿರುಗಿ, ನನ್ನತ್ತ ಬೆರಳು ಮಾಡಿದರು. "ಆಪರೇಷನ್ ದಿನ ಈ ಅಕ್ಕಾರನ್ನ ಕರೀರಿ ಅನ್ರಿ. ಹೊಸಬರು ಬ್ಯಾಡ. ಇವರು ತಪ್ಪ ಆದ್ರ ಬಚ್ಚಿಡಂಗಿಲ್ಲ, ಹೇಳ್ತಾರ."

ಸರ್ಜನ್, ನರ್ಸ್ ಇಬ್ಬರೂ ನನ್ನ ಬಾಯಿ ನೋಡುತ್ತ ಕಾದರು. ಆಕೆ ಏನು ಹೇಳಿದರೆಂದು ಅವರಿಬ್ಬರಿಗೆ ಗೊತ್ತಾಗಬೇಕಿತ್ತು, ಹೇಳಲು ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಒಂದು ಗುಟುಕು ನೀರು ಕುಡಿದು, ಏನನ್ನೂ ಬಿಡದೆ, ಏನನ್ನೂ ಸೇರಿಸದೆ, ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ.